ಚಳಿಗಾಲದ ಹಳದಿ ಕರ್ಟನ್

ಕಳೆದ ಶನಿವಾರ ಬಟ್ಟೆಯ ಕ್ಲಾಸೆಟ್ಟಿನ ಮೇಲಿನಿಂದ ರಟ್ಟಿನ ಡಬ್ಬ ಇಳಿಸಿ ಟೇಪು ಕಿತ್ತೆ. ಲವಂಗದ ವಾಸನೆ, ಒಣಗಿದ ಕಿತ್ತಳೆ ಸಿಪ್ಪೆಯ ವಾಸನೆ, ಎರಡೂ ಒಟ್ಟಿಗೇ ಮೂಗಿಗೆ ಬಡಿದವು. ನುಸಿ ಗುಳಿಗೆ ಹಾಕಿದರೆ ಬಟ್ಟೆ ಆಸ್ಪತ್ರೆಯ ವಾಸನೆ ಹೊಡೆಯುತ್ತದೆ ಎಂದು ಆಪಾ ಮಡಿಕೆಗಳ ನಡುವೆ ಇವೆರಡನ್ನೇ ಇಡುತ್ತಿದ್ದರು. ಹೊರಗೆ ನಾಲ್ಕೂವರೆಗೇ ಕತ್ತಲಾಗಿತ್ತು. ಅಮೆರಿಕದ ಈ ರೆಂಟನ್ನಿನ ಮಳೆ ಎಂದಿನಂತೆ ಜೋರಾಗಿ ಸುರಿಯುತ್ತಲೂ ಇರಲಿಲ್ಲ, ನಿಲ್ಲುತ್ತಲೂ ಇರಲಿಲ್ಲ. ಡಬ್ಬದ ಮುಂದೆ ಕಾರ್ಪೆಟ್ಟಿನ ಮೇಲೆ ಹಾಗೇ ಕೂತುಬಿಟ್ಟೆ...

ಆಪಾ ನಮ್ಮ ಹಳೆಯ ಅಪಾರ್ಟ್‌ಮೆಂಟಿನ ಎದುರುಮನೆಯವರು. ಮೈಸೂರಿನವರು, ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು. ಅವರ ಮಗಳ ಗೆಳತಿಯರೆಲ್ಲ ಆಂಟಿ ಎನ್ನುತ್ತಿದ್ದರು, ನಾನು ಮಾತ್ರ ಅವರ ಮನೆಮಾತಿನಲ್ಲಿ ಅಕ್ಕ ಎಂಬರ್ಥದ ಆಪಾ ಎಂದು ಕರೆಯುತ್ತಿದ್ದೆ. ಅವರ ಯಜಮಾನರಿಗೆ ಬೆಲ್ವ್ಯೂನಲ್ಲಿ ಸಾಫ್ಟ್‌ವೇರ್ ಕೆಲಸ, ನನಗೆ ಅದರ ಪಕ್ಕದ ಫ್ಯಾಕ್ಟೋರಿಯಾದಲ್ಲಿ. ಇಬ್ಬರ ಮನೆಯೂ ವೀಸಾದ ಮೇಲೆ ನಿಂತಿತ್ತು. ಕೆಲಸ ಹೋದರೆ ಅರವತ್ತು ದಿನದಲ್ಲಿ ಇನ್ನೊಂದು ಹುಡುಕಿಕೊಳ್ಳಬೇಕು, ಸಿಗದಿದ್ದರೆ ಗಂಟುಮೂಟೆ ಕಟ್ಟಬೇಕು.

ಹಾಗಾಗಿ ನಮ್ಮ ಜನರಲ್ಲೆಲ್ಲ ಒಂದು ಮಂತ್ರವಿತ್ತು. ಗ್ರೀನ್ ಕಾರ್ಡ್ ಬರಲಿ, ಆಮೇಲೆ. ಸೋಫಾ ಆಮೇಲೆ, ಮಂಚ ಆಮೇಲೆ, ಕರ್ಟನ್ ಆಮೇಲೆ. ಬಂದು ಎರಡು ವರ್ಷವಾದರೂ ನಾನೂ ನನ್ನ ಗಂಡನೂ ಟೀವಿ ಬಂದ ಡಬ್ಬವನ್ನೇ ಬೋರಲು ಹಾಕಿ, ಮೇಲೊಂದು ಟವೆಲ್ ಹಾಸಿ ಊಟ ಮಾಡುತ್ತಿದ್ದೆವು. ಇದನ್ನು ಜಾಣತನ ಎಂದೇ ತಿಳಿದಿದ್ದೆವು. ಆ ಚಳಿಗಾಲ ನಾನು ಸರಿ ಇರಲಿಲ್ಲ, ಇದನ್ನು ಈಗ ಹೇಳಿಕೊಳ್ಳಲು ನಾಚಿಕೆಯಿಲ್ಲ. ಆಫೀಸಿನಿಂದ ಬಂದವಳು ಲೈಟೂ ಹಾಕದೆ, ಕೋಟೂ ಬಿಚ್ಚದೆ ಗೋಡೆಗೊರಗಿ ಕೂರುತ್ತಿದ್ದೆ. ಗಂಡ ಬಂದು ಲೈಟ್ ಹಾಕಿದರೆ ಅವನ ಮೇಲೆ ರೇಗುತ್ತಿದ್ದೆ.

ಅಕ್ಕಪಕ್ಕದವರನ್ನು ಆದಷ್ಟು ತಪ್ಪಿಸಿಕೊಂಡೇ ಓಡಾಡುತ್ತಿದ್ದೆ. ಆದರೆ ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ನಮ್ಮ ಬಿಲ್ಡಿಂಗಿಗೆಲ್ಲ ಸೇರಿ ಕೆಳಗೆ ಒಂದೇ ಲಾಂಡ್ರಿ ರೂಮಿತ್ತು. ಅಲ್ಲಿ ಅವರು ಡ್ರೈಯರಿನಿಂದ ಬಿಸಿಬಿಸಿ ಹಳದಿ ಬಟ್ಟೆ ತೆಗೆದು ಮಡಚುತ್ತಿದ್ದರು. ನನ್ನ ಮುಖ ನೋಡಿದವರೇ ಆ ಬಟ್ಟೆಯ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟರು. ಹೆಸರು ಕೇಳಿದ್ದು ಆಮೇಲೆ.

"ಪಾರ್ಕಿಂಗ್‌ನಿಂದ ದಿನಾ ನೋಡ್ತೀನಿ ಕಣಮ್ಮ, ನಿಮ್ಮನೆ ಕಿಟಕಿಗೆ ಯಾಕೆ ಏನೂ ಹಾಕಿಲ್ಲ?"

ನಾನು ಮಂತ್ರ ಒಪ್ಪಿಸಿದೆ. ಅವರು ನಕ್ಕರು. "ನಮ್ದೂ ಬಂದಿಲ್ಲ, ಒಂಬತ್ತು ವರ್ಷ ಆಯ್ತು. ಬಾ, ಟೀ ಕುಡಿದು ಹೋಗು."

ಅವರ ಮನೆಯೂ ನಮ್ಮ ಮನೆಯೂ ಒಂದೇ ಅಚ್ಚಿನವು. ಅದೇ ಮಾಸಲು ಕಾರ್ಪೆಟ್, ಅದೇ ಪ್ಲಾಸ್ಟಿಕ್ ಬ್ಲೈಂಡ್ಸ್, ಗೋಡೆಗೆ ಮೊಳೆ ಹೊಡೆಯಬಾರದೆಂಬ ಅದೇ ಕಟ್ಟಳೆ. ಆದರೆ ಬಾಗಿಲು ತೆರೆದಾಗ ನನಗೆ ಒಳಗೆ ಯಾರೋ ಬಿಸಿಲು ಕಟ್ಟಿಹಾಕಿದ್ದಾರೆ ಅನ್ನಿಸಿತು. ಅವರ ತಾಯಿಯ ಹಳೆಯ ಹತ್ತಿ ಸೀರೆಗಳನ್ನು ಕತ್ತರಿಸಿ, ಹಿಂದೆ ಬೆಡ್‌ಶೀಟಿನ ಅಸ್ತರಿ ಕೊಟ್ಟು, ಅರಿಶಿನದ ಬಣ್ಣದ ಕರ್ಟನ್ ಹೊಲಿದಿದ್ದರು. ಮೊಳೆಯಿಲ್ಲದೆ ಎರಡು ಗೋಡೆಗಳ ನಡುವೆ ಬಿಗಿಯಾಗಿ ಕೂರುವ ಸ್ಪ್ರಿಂಗ್ ರಾಡಿಗೆ ಅದನ್ನು ಇಳಿಬಿಟ್ಟಿದ್ದರು. ನೆಲದ ಹತ್ತಿರ ಎರಡು ಪುಟ್ಟ ದೀಪ, ಪ್ರತಿ ದೀಪದ ಹಿಂದೆ ಒರಗಿಸಿಟ್ಟ ಒಂದು ಹಿತ್ತಾಳೆ ತಟ್ಟೆ. ಕತ್ತಲ ದಿನಗಳಲ್ಲಿ ದೀಪ ತಲೆಯ ಮೇಲಿರಬಾರದು, ಕೂತವರ ಮೊಣಕಾಲಿನ ಮಟ್ಟಕ್ಕಿರಬೇಕು ಎನ್ನುವುದು ಅವರ ಲೆಕ್ಕಾಚಾರ.

ಕ್ಲಾಸೆಟ್ಟಿನಲ್ಲಿ ನಾಲ್ಕು ಡಬ್ಬಗಳಿದ್ದವು, ನಾಲ್ಕು ಕಾಲಕ್ಕೆ ನಾಲ್ಕು. ಅಂಗಡಿಯವರ ಹಾಗೆ ಅವರು ಮನೆ ಅಲಂಕರಿಸುತ್ತಿರಲಿಲ್ಲ. ಅಕ್ಟೋಬರ್ ಬಂದರೆ ಇಲ್ಲಿ ಅಂಗಡಿಗಳೆಲ್ಲ ಕೇಸರಿ ಕೇಸರಿ, ದಿಂಬಿನ ಮೇಲೂ ಕುಂಬಳಕಾಯಿಯ ಚಿತ್ರ. ಆಪಾ ಮೂಗು ಮುರಿಯುತ್ತಿದ್ದರು. "ಹೊರಗೆ ಮರ ಎಲ್ಲಾ ಕೆಂಪಗಿದೆ, ಒಳಗೂ ಅದೇನಾ? ಸಾರಿಗೆ ಸಾರೇ ಕಲಸಿಕೊಂಡ ಹಾಗೆ. ಹೊರಗಡೆ ಏನು ಇಲ್ವೋ, ಅದು ಒಳಗಡೆ ಇರಬೇಕು." ಅದರಂತೆ ಮೇಪಲ್ ಕೆಂಪಾದಾಗ ಒಳಗೆ ತಿಳಿಹಸಿರು. ಆಗಸ್ಟಿನಲ್ಲಿ ಹುಲ್ಲು ಸುಟ್ಟು, ಕಾಡ್ಗಿಚ್ಚಿನ ಹೊಗೆ ಕವಿದಾಗ ನೀರಿನಂಥ ನೀಲಿ. ಚೆರ್ರಿ ಹೂ ಬಿಟ್ಟಾಗ ಬರೀ ಬಿಳಿ, ಮರದ ಜೊತೆ ಪೈಪೋಟಿಗೆ ಇಳಿಯಬಾರದಂತೆ. ಸೂರ್ಯನೇ ಇಲ್ಲದ ತಿಂಗಳುಗಳಿಗೆ ಈ ಹಳದಿ.

ಮರುದಿನವೇ ನಮ್ಮ ಮನೆಗೆ ಬಂದರು. ಟೀವಿ ಡಬ್ಬವನ್ನು ಮಡಚಿ ತಾವೇ ಕಸಕ್ಕೆ ಹಾಕಿದರು, ನನ್ನ ಒಪ್ಪಿಗೆಗೆ ಕಾಯಲಿಲ್ಲ. ಅವರದು ಸ್ವಲ್ಪ ದರ್ಬಾರಿನ ಸ್ವಭಾವ. ಯಾರ ಮನೆಗೆ ಊಟಕ್ಕೆ ಹೋದರೂ ಕೈ ತೊಳೆಯುವ ಮೊದಲು ಅವರ ದಿಂಬುಗಳನ್ನು ಸರಿಮಾಡುತ್ತಿದ್ದರು. ಕೆಲವರಿಗೆ ಇದು ಇಷ್ಟವಾಗುತ್ತಿರಲಿಲ್ಲ, ನನಗೂ ಮೊದಲ ದಿನ ಸಿಟ್ಟು ಬಂದಿತ್ತು. ನನ್ನ ಎರಡು ಹಳೇ ಸೀರೆ ತೆಗೆಸಿ, ತಮ್ಮ ಹೊಲಿಗೆ ಮಷೀನಿನ ಮುಂದೆ ನನ್ನನ್ನೇ ಕೂರಿಸಿದರು. ನಾನು ತೂಗುಹಾಕಿದ ಮೊದಲ ಕರ್ಟನ್ ನೋಡಿ, ತಲೆ ಓರೆ ಮಾಡಿ, "ಎಡಗಡೆ ಒಂದಿಂಚು ಮೇಲಿದೆ" ಎಂದರು. ಇದೆಲ್ಲ ಯಾಕೆ ಆಪಾ, ನಾಳೆ ಎಲ್ಲಿರ್ತೀವೋ ಎಂದೆ.

"ಮನೆ ಬಾಡಿಗೇದು ಸರಿ. ದಿನ ನಿಂದೇ ತಾನೆ?"

ಆ ಮಾತು ನನ್ನನ್ನು ಒಂದೇ ದಿನದಲ್ಲಿ ಬದಲಿಸಿತು ಎಂದರೆ ಸುಳ್ಳಾಗುತ್ತದೆ. ಆದರೆ ಆ ವಾರದಿಂದ ಮನೆಗೆ ಬಂದವಳು ಮೊದಲು ಅವರ ಮನೆಯಂತೆಯೇ ತಟ್ಟೆ ಒರಗಿಸಿ ನೆಲದ ಹತ್ತಿರ ಇಟ್ಟಿದ್ದ ಪುಟ್ಟ ದೀಪ ಹಚ್ಚುತ್ತಿದ್ದೆ, ಆಮೇಲೆ ಕೋಟು ಬಿಚ್ಚುತ್ತಿದ್ದೆ. ಮಾರ್ಚಿನ ಹೊತ್ತಿಗೆ ಗಂಡನ ಮೇಲೆ ರೇಗುವುದೂ ಕಡಿಮೆಯಾಗಿತ್ತು.

ಹೀಗೆ ಮೂರು ಚಳಿಗಾಲ ಕಳೆದವು. ನಾಲ್ಕನೆಯದರ ಕೊನೆಗೆ, ಫೆಬ್ರವರಿಯಲ್ಲಿ ಅವರ ಯಜಮಾನರ ಕೆಲಸ ಹೋಯಿತು. ಅರವತ್ತು ದಿನದ ಎಣಿಕೆ ಶುರುವಾಯಿತು. ಇಂಟರ್‌ವ್ಯೂ ಇದ್ದ ದಿನ ನಾನೂ ಆಫೀಸಿನಲ್ಲಿ ಕೂತು ದೇವರಿಗೆ ಹರಕೆ ಹೊರುತ್ತಿದ್ದೆ. ಒಂದು ಕಡೆ ಮಾತ್ರ ಎರಡು ರೌಂಡ್ ದಾಟಿ ಮೂರನೆಯದಕ್ಕೆ ಕರೆದರು, ಎಲ್ಲರ ಆಸೆಯೂ ಅದರ ಮೇಲೇ ನೆಟ್ಟಿತ್ತು. ಮಾರ್ಚ್ ಮುಗಿಯುತ್ತ ಬಂದಾಗ ಉಳಿದಿದ್ದು ಎರಡೇ ವಾರ. ಪಾರ್ಕಿಂಗ್ ಪಕ್ಕದ ಚೆರ್ರಿ ಮರ ಮೈತುಂಬ ಹೂ ಬಿಟ್ಟಿತ್ತು.

ಒಂದು ಭಾನುವಾರ ಬೆಳಿಗ್ಗೆ ಹೇಗಿದ್ದಾರೋ ನೋಡೋಣವೆಂದು ಹೋದೆ. ಪುಸ್ತಕದ ಕಪಾಟನ್ನು ಆಗಲೇ ಯಾರೋ ಒಯ್ದಿದ್ದರು, ಗೋಡೆಯ ಪಕ್ಕ ಸೂಟ್‌ಕೇಸುಗಳು ಬಾಯಿ ತೆರೆದು ಬಿದ್ದಿದ್ದವು. ಆಪಾ ಕಿಟಕಿಯ ಮುಂದೆ ಸ್ಟೂಲಿನ ಮೇಲೆ ನಿಂತು, ಹಳದಿ ಕರ್ಟನ್ ತೆಗೆದು ಬಿಳಿಯದನ್ನು ಹಾಕುತ್ತಿದ್ದರು. ಸಿಟ್ಟೋ ಸಂಕಟವೋ ತಿಳಿಯದೆ ಕೂಗಿಯೇಬಿಟ್ಟೆ.

"ಆಪಾ, ಇನ್ನು ಹದಿನಾಲ್ಕೇ ದಿನ! ಈಗ ಇದ್ಯಾಕೆ?"

"ಅದಕ್ಕೆ, ಹದಿನಾಲ್ಕು ದಿನಾನೂ ಹಳದಿ ನೋಡ್ಕೊಂಡು ಕೂರ್ಲಾ? ಹೊರಗೆ ಮರ ಹೂ ಬಿಟ್ಟಿದೆ. ಸ್ಟೂಲ್ ಹಿಡ್ಕೊ."

ಹಿಡಿದುಕೊಂಡೆ. ಯಾವತ್ತೂ ಕಣ್ಣು ಮುಚ್ಚಿ ಕರ್ಟನ್ ಏರಿಸುತ್ತಿದ್ದವರ ಕೈಯಿಂದ ಅವತ್ತು ರಾಡಿನ ತುದಿ ಮೂರು ಸಲ ಜಾರಿತು. ನಾನು ಮೇಲೆ ನೋಡಲಿಲ್ಲ, ಅವರ ಪಾದಗಳನ್ನೇ ನೋಡುತ್ತ ನಿಂತಿದ್ದೆ. ಮೇಲಿನಿಂದ ಅವರ ದನಿ ಬಂತು, ಸಂತೆಯ ಸುದ್ದಿ ಹೇಳಿದ ಹಾಗೆ. "ಆ ಮೂರನೇ ರೌಂಡ್ ಕಂಪನಿಯವರೂ ಬೇಡ ಅಂದ್ರು. ನೆನ್ನೆ ಮೇಲ್ ಬಂತು." ಆಮೇಲೆ ಇಳಿದು ದೂರ ನಿಂತು, ತಲೆ ಓರೆ ಮಾಡಿ ನೋಡಿ, ಎರಡೂ ಕಡೆ ಸಮವಿದೆ ಎಂದು ಖಾತ್ರಿ ಮಾಡಿಕೊಂಡರು.

ಎರಡು ವಾರ ಆ ಬಿಳಿ ಕರ್ಟನ್ ಹಿಂದೆಯೇ ಅವರು ಅಡುಗೆ ಮಾಡಿದರು, ಬಂದವರಿಗೆಲ್ಲ ಟೀ ಕೊಟ್ಟರು, ಮಗಳಿಗೆ ತಲೆ ಬಾಚಿದರು. ಬಾಗಿಲ ಬಳಿ ಸೂಟ್‌ಕೇಸುಗಳ ಸಾಲು ಬೆಳೆಯುತ್ತಲೇ ಇತ್ತು. ಆದರೂ ಅದು ಕೊನೆಯ ದಿನದವರೆಗೆ ಮನೆಯಾಗಿಯೇ ಇತ್ತು. ಅವರಷ್ಟು ಧೈರ್ಯದ ಹೆಣ್ಣನ್ನು ನಾನು ಇನ್ನೂ ಕಂಡಿಲ್ಲ.

ಹೊರಡುವ ಬೆಳಿಗ್ಗೆ ಉಳಿದ ಮೂರು ಕಾಲದ ಬಟ್ಟೆಗಳನ್ನು ಸೂಟ್‌ಕೇಸಿಗೆ ತುಂಬಿಕೊಂಡರು. ಹಳದಿಯ ಡಬ್ಬ ಮಾತ್ರ ತಂದು ನನ್ನ ಕೈಗಿಟ್ಟರು. ತಾಯಿಯ ಸೀರೆಗಳಲ್ಲವೇ, ನಾನು ಬೇಡವೆಂದೆ.

"ಮೈಸೂರಲ್ಲಿ ಬಿಸಿಲಿಗೇನು ಬರ ಬಂದಿದೆಯಾ? ಇದು ಇಲ್ಲಿಗೇ ಬೇಕಾದ್ದು. ಇಟ್ಕೊ."

ಆಮೇಲೆ ನಾವು ಎರಡು ಮನೆ ಬದಲಿಸಿದೆವು, ಎರಡೂ ಬಾಡಿಗೆಯವೇ. ಗ್ರೀನ್ ಕಾರ್ಡ್ ಇನ್ನೂ ಬಂದಿಲ್ಲ. ಸೋಫಾ ಇದೆ, ಊಟದ ಟೇಬಲ್ಲಿದೆ, ಕ್ಲಾಸೆಟ್ಟಿನಲ್ಲಿ ನಾಲ್ಕು ಡಬ್ಬಗಳಿವೆ. ಪ್ರತಿ ನವೆಂಬರಿನಲ್ಲಿ ಹಳದಿ ಹಾಕಿದ ದಿನ ಫೋಟೋ ತೆಗೆದು ಆಪಾಗೆ ಕಳಿಸುತ್ತಿದ್ದೆ. ಚೆನ್ನಾಗಿದೆ ಎಂಬ ಮಾತು ಒಂದು ಸಲವೂ ಬರಲಿಲ್ಲ. ಮೈಸೂರಿನಲ್ಲಿ ಬೆಳಗಾಗುತ್ತಲೇ ಅವರ ವಾಯ್ಸ್ ಮೆಸೇಜ್ ಬರುತ್ತಿತ್ತು, ಹಿಂದೆ ಕುಕ್ಕರಿನ ಸೀಟಿಯ ಸಮೇತ: ಎಡಗಡೆ ಒಂದಿಂಚು ಮೇಲಿದೆ ನೋಡು...

ಈ ಸೆಪ್ಟೆಂಬರಿನಲ್ಲಿ ಅವರ ಮಗಳು ಫೋನ್ ಮಾಡಿ, ಅಮ್ಮಿ ತೀರಿಕೊಂಡರು ಎಂದಳು. ಬೆಳಿಗ್ಗೆ ಎದೆ ನೋವು ಎಂದವರು ಮಧ್ಯಾಹ್ನದ ಹೊತ್ತಿಗೆ ಇರಲಿಲ್ಲವಂತೆ. ಅವತ್ತು ನನಗೆ ಸರಿಯಾಗಿ ಅಳುವುದಕ್ಕೂ ಆಗಲಿಲ್ಲ, ಅರ್ಧ ಗಂಟೆಯಲ್ಲಿ ಮೀಟಿಂಗ್ ಇತ್ತು.

ಶನಿವಾರ ಕಾರ್ಪೆಟ್ಟಿನಿಂದ ಎದ್ದು, ಕರ್ಟನ್ನಿಗೆ ಇಸ್ತ್ರಿ ಹಾಕಿ, ತೂಗುಹಾಕಿದೆ. ತಟ್ಟೆ ಒರಗಿಸಿ ದೀಪ ಹಚ್ಚಿದೆ. ಕೈ ತನ್ನ ಪಾಡಿಗೆ ತಾನು ಫೋಟೋ ತೆಗೆದು, ಅವರ ಹೆಸರನ್ನೂ ಒತ್ತಿಬಿಟ್ಟಿತ್ತು. ಅಲ್ಲಿ ಹೋದ ವರ್ಷದ ಅವರ ವಾಯ್ಸ್ ಮೆಸೇಜೇ ಕೊನೆಯದಾಗಿತ್ತು. ಅದನ್ನು ಕೇಳುವ ಧೈರ್ಯ ಬರಲಿಲ್ಲ, ಫೋಟೋವನ್ನೂ ಕಳಿಸಲಿಲ್ಲ. ಅವರಿಲ್ಲ ಎನ್ನುವುದು ಆ ಹೊತ್ತಿಗೆ ನನಗೆ ನಿಜವಾಗಿ ತಿಳಿಯಿತು, ತುಂಬಾ ಅತ್ತೆ.

ಕಣ್ಣೊರೆಸಿಕೊಂಡು ದೂರ ನಿಂತು, ತಲೆ ಓರೆ ಮಾಡಿ ಕಿಟಕಿಯನ್ನು ನೋಡಿದೆ. ಎಡಗಡೆ ಒಂದಿಂಚು ಮೇಲಿತ್ತು. ಸ್ಟೂಲ್ ಎಳೆದುಕೊಂಡು ಮತ್ತೆ ಹತ್ತಿದೆ.