ಸಿಕ್ಕು ಬಿಡಿಸಿದ ಭಾನುವಾರಗಳು

ಏಳು ವರ್ಷದವಳಿದ್ದಾಗ ನನ್ನ ಮಗಳು ತನ್ನ ಕೂದಲನ್ನು ತಾನೇ ಕತ್ತರಿಸಿಕೊಂಡಳು. ಭಾನುವಾರ ಬೆಳಗ್ಗೆ, ಶಿಕಾರಿಪುರದ ನಮ್ಮ ಮನೆಯಲ್ಲಿ ತಲೆಸ್ನಾನದ ಹೊತ್ತು. ಎರಡು ಸಲ ಕರೆದರೂ ಬರಲಿಲ್ಲವೆಂದು ಹುಡುಕಿಕೊಂಡು ಹೋದರೆ, ಹಿತ್ತಲಿನಲ್ಲಿ ಬಟ್ಟೆ ಒಗೆಯುವ ಕಲ್ಲಿನ ಹಿಂದೆ ಕುಳಿತಿದ್ದಳು. ಕೈಯಲ್ಲಿ ಹಾಲಿನ ಪ್ಯಾಕೆಟ್ ಕತ್ತರಿಸುವ ಕತ್ತರಿ, ಕಾಲ ಬಳಿ ಮೂರು ಉಂಡೆ ಕೂದಲು. ಸಿಕ್ಕುಗಟ್ಟಿದ ಜಾಗವನ್ನಷ್ಟೇ ಆರಿಸಿ ಕತ್ತರಿಸಿದ್ದಳು.

"ಸಿಕ್ಕು ತೆಗ್ದೀನಮ್ಮ. ಇನ್ನು ಬಾಚೋದು ಬ್ಯಾಡ," ಎಂದಳು.

ನಾನು ಬೆನ್ನಿಗೆ ಒಂದು ಏಟು ಹಾಕಿದೆ. ಅವಳು ಅಳಲಿಲ್ಲ. ಪ್ರತಿ ಭಾನುವಾರ ಬಾಚಣಿಗೆ ಕಂಡರೆ ಸಾಕು ಅಳುತ್ತಿದ್ದವಳು ಅವತ್ತು ನನ್ನನ್ನೇ ನೋಡುತ್ತಿದ್ದಳು. ಗಲಾಟೆ ಕೇಳಿ ಬಂದ ಅತ್ತೆ ನೆಲದ ಮೇಲಿನ ಕೂದಲನ್ನು ನೋಡಿದರು, ಮೊಮ್ಮಗಳ ತಲೆಯನ್ನು ನೋಡಿದರು.

"ಹುಡುಗಿ ಕೂದ್ಲೇನು ಕೆಟ್ಟಿಲ್ಲ. ನೀ ಬಾಚೋದು ಕೆಟ್ಟೈತಿ," ಎಂದು ಹೇಳಿ ಒಳಗೆ ಹೋದರು.

ಆ ಮಾತು ನನಗೆ ಸಿಟ್ಟು ತರಿಸಿತು. ಅತ್ತೆಯದು ನೀರಿನ ಹಾಗೆ ನೇರ ಇಳಿಯುವ ಕೂದಲು. ಗುಂಗುರು ಕೂದಲಿನ ಕಷ್ಟ ಅವರಿಗೇನು ಗೊತ್ತು ಎಂದುಕೊಂಡೆ. ನನ್ನದೂ ಮಗಳದೇ ಥರದ ಕೂದಲು. ಸೊರಬದ ಹತ್ತಿರ ಕುಪ್ಪಗಡ್ಡೆಯಲ್ಲಿ ನಾನು ಬೆಳೆಯುವಾಗ ಅಮ್ಮ ನನ್ನನ್ನು ಮೊಣಕಾಲುಗಳ ನಡುವೆ ಕೂರಿಸಿಕೊಂಡು, ಒಣ ತಲೆಗೆ ಎಣ್ಣೆ ಸುರಿದು, ನೆತ್ತಿಯಿಂದ ಕೆಳಕ್ಕೆ ಎಳೆದು ಬಾಚುತ್ತಿದ್ದಳು. ಹಣೆಯ ಚರ್ಮ ಹಿಂದಕ್ಕೆ ಸರಿಯುವಷ್ಟು ಬಿಗಿಯಾಗಿ ಎರಡು ಜಡೆ. ಟೀಚರ್ ಕೆಲಸಕ್ಕೆ ಸೇರಿದ ಮೇಲೆ ನಾನು ಪಾರ್ಲರಿಗೆ ಹೋಗಿ ಕೂದಲನ್ನು ನೇರ ಮಾಡಿಸಿಕೊಂಡೆ. ಎರಡನೇ ಸಲ ಮಾಡಿಸಿದ ಮೇಲೆ ಉದುರತೊಡಗಿತು. ಆಮೇಲೆ ಯಾವಾಗಲೂ ಗಂಟು ಹಾಕಿ ಕ್ಲಿಪ್ಪು ಸಿಕ್ಕಿಸಿಕೊಂಡೇ ಇರುತ್ತಿದ್ದೆ. ಆ ಕೂದಲನ್ನು ತೊಳೆಯುವುದಕ್ಕೆ ಬೇರೆ ರೀತಿ ಇರಬಹುದು ಎಂಬ ಯೋಚನೆಯೇ ನನಗೆ ಬಂದಿರಲಿಲ್ಲ.

ಅಡ್ಡಾದಿಡ್ಡಿ ಕತ್ತರಿಸಿದ್ದನ್ನು ಸರಿಮಾಡಿಸಲು ಮಗಳನ್ನು ಎದುರು ಮನೆಗೆ ಕರೆದುಕೊಂಡು ಹೋದೆ. ಆ ಮನೆಯಾಕೆ ಬಟ್ಟೆ ಹೊಲಿಯುತ್ತಾರೆ, ನನ್ನ ಬ್ಲೌಸುಗಳನ್ನೂ ಅವರೇ ಹೊಲಿಯುವುದು. ಹೊರಗೆ ಬರುವಾಗ ತಲೆಯ ಮೇಲೆ ಸೆರಗು ಹೊದೆಯುತ್ತಿದ್ದರಿಂದ ಅವರ ಕೂದಲನ್ನು ನಾನು ಅದುವರೆಗೆ ನೋಡಿಯೇ ಇರಲಿಲ್ಲ. ಒಳಗೆ ಕರೆದು ಬಾಗಿಲು ಹಾಕಿ ಸೆರಗು ಸರಿಸಿದರು. ಸೊಂಟದವರೆಗೆ ಇಳಿದ, ಸುರುಳಿ ಸುರುಳಿಯಾದ ಕೂದಲು. ಒಂದು ಕಡೆಯೂ ಕೆದರಿರಲಿಲ್ಲ.

"ಒಣ ತಲಿಗೆ ಬಾಚಣಿಗಿ ಹಾಕ್ಬ್ಯಾಡ್ರಿ ಟೀಚರ್," ಎಂದರು. "ಒದ್ದಿ ಇದ್ದಾಗ ಬೆರಳಿಂದ ಬಿಡಿಸ್ರಿ. ತುದೀಲಿ ಶುರು ಮಾಡಿ ಮ್ಯಾಲೆ ಬರ್ರಿ. ನೀವು ಮ್ಯಾಲಿಂದ ಕೆಳಗ ಎಳೀತೀರಿ, ಎಲ್ಲಾ ಸಿಕ್ಕು ಬಂದು ತುದೀಲಿ ಕೂರತೈತಿ."

ಅವರು ಮಗಳ ಕೂದಲಿಗೆ ನೀರು ಚಿಮುಕಿಸಿ, ಮಾತಾಡುತ್ತಲೇ ಬಿಡಿಸಿ, ಭುಜದ ಮಟ್ಟಕ್ಕೆ ಸಮ ಮಾಡಿದರು. ಇಡೀ ಹೊತ್ತು ಅವಳು ಅಲುಗಾಡಲಿಲ್ಲ.

ಅಷ್ಟಕ್ಕೇ ಎಲ್ಲ ಸರಿಹೋಯಿತು ಎನ್ನುವ ಹಾಗಿಲ್ಲ. ಸಿಕ್ಕು ಬಿಡಿಸುವುದು ಗೊತ್ತಾಯಿತು, ಆದರೆ ತೊಳೆದು ಒಣಗಿದ ಮೇಲೆ ಕೂದಲು ತೆಂಗಿನ ನಾರಿನಂತೆ ಒರಟಾಗುತ್ತಿತ್ತು. ಸೀಗೆಕಾಯಿ ಹಾಕಿದೆ. ಅದರ ಪುಡಿ ಸುರುಳಿಗಳ ಒಳಗೆ ಕೂತು ಎಷ್ಟು ನೀರು ಹೊಯ್ದರೂ ಹೋಗಲಿಲ್ಲ. ಶಾಂಪೂವನ್ನು ಎರಡೆರಡು ಸಲ ಹಾಕಿದಾಗ ಇನ್ನೂ ಒರಟಾಯಿತು. ಫೋನಿನಲ್ಲಿ ಯಾರೋ ಹೇಳಿದ್ದನ್ನು ನೋಡಿ ಮೆಂತ್ಯ ನೆನೆಸಿ ರುಬ್ಬಿ ಹಚ್ಚಿದೆ. ನುಣ್ಣಗೆ ರುಬ್ಬಿರಲಿಲ್ಲ. ಸೋಮವಾರ ಅವಳು ಶಾಲೆಗೆ ಹೋದಾಗ ಕೂದಲಲ್ಲಿ ಬಿಳಿ ಬಿಳಿ ಚೂರುಗಳು ಉಳಿದಿದ್ದವು. ಪಕ್ಕದ ಹುಡುಗಿ ಹೇನು ಎಂದು ಕೂಗಿ ಎದ್ದು ಬೇರೆ ಬೆಂಚಿಗೆ ಹೋದಳಂತೆ. ಅದೇ ಶಾಲೆಯಲ್ಲಿ ನಾನು ನಾಲ್ಕನೇ ತರಗತಿಗೆ ಪಾಠ ಮಾಡುತ್ತೇನೆ. ಅವಳ ಟೀಚರ್ ಸ್ಟಾಫ್ ರೂಮಿಗೆ ಬಂದು, ಎಲ್ಲರ ಎದುರು, ಮಗುವಿನ ತಲೆ ಸ್ವಲ್ಪ ನೋಡಿ ಎಂದು ಮೆಲ್ಲಗೆ ಹೇಳಿದರು. ಅದು ಮೆಂತ್ಯ ಎಂದು ಎಲ್ಲರಿಗೂ ಕೇಳುವ ಹಾಗೆ ವಿವರಿಸಬೇಕಾಯಿತು. ಅವತ್ತು ಮನೆಗೆ ಬಂದು ಮಗಳ ಕ್ಷಮೆ ಕೇಳಿದೆ. ಹಿತ್ತಲಿನ ಏಟಿಗೂ ಸೇರಿಸಿಯೇ ಕೇಳಿದೆ. ಅವಳು ಆಯ್ತು ಎಂದು ಹೇಳಿ ಆಡಲು ಹೋದಳು.

ದಸರಾ ರಜೆಯಲ್ಲಿ ಕುಪ್ಪಗಡ್ಡೆಗೆ ಹೋದಾಗ ಇನ್ನೊಂದು ಸಂಗತಿ ತಿಳಿಯಿತು. ಶಾಂಪೂ ತರಲು ಮರೆತಿದ್ದೆ. ಅಮ್ಮ ಬೇಲಿಯ ದಾಸವಾಳದ ಎಲೆಗಳನ್ನು ಕಿತ್ತು, ನೀರಿನಲ್ಲಿ ಕಿವುಚಿ, ಲೋಳೆಯನ್ನು ಬಟ್ಟೆಯಲ್ಲಿ ಸೋಸಿ ಕೊಟ್ಟಳು. ಅದನ್ನು ಹಚ್ಚಿ ಬೆರಳಿನಿಂದ ಸಿಕ್ಕು ಬಿಡಿಸಿ ಬಾವಿಯ ನೀರಿನಲ್ಲಿ ತೊಳೆದೆ. ಒಣಗಿದ ಮೇಲೆ ಮುಟ್ಟಿ ನೋಡಿದರೆ ಮೆತ್ತಗಿತ್ತು, ಸುರುಳಿಗಳು ಒಂದೊಂದಾಗಿ ಬೇರೆ ಬೇರೆ ನಿಂತಿದ್ದವು. ಎಲೆಯ ಗುಣ ಎಂದುಕೊಂಡು ಒಂದು ಚೀಲ ಎಲೆ ತುಂಬಿಕೊಂಡು ಶಿಕಾರಿಪುರಕ್ಕೆ ಬಂದೆ. ಮುಂದಿನ ಭಾನುವಾರ ಅದೇ ಎಲೆ, ಅದೇ ಕೈ, ಆದರೆ ಕೂದಲು ಮತ್ತೆ ನಾರು. ಬಕೆಟ್ಟಿನ ಅಂಚಿಗೆ, ಬಚ್ಚಲಿನ ನಲ್ಲಿಯ ಬಾಯಿಗೆ ಕಟ್ಟಿದ್ದ ಬಿಳಿ ಪೊರೆ ಆಗ ಕಣ್ಣಿಗೆ ಬಿತ್ತು. ಹತ್ತು ವರ್ಷದಿಂದ ಅದನ್ನು ಉಜ್ಜಿ ತೆಗೆಯುತ್ತಿದ್ದವಳು ನಾನೇ. ನಾವು ಸ್ನಾನಕ್ಕೆ ಬಳಸುವುದು ಬೋರಿನ ಗಡಸು ನೀರು.

ದಿನ ಬಿಟ್ಟು ದಿನ ಬರುವ ಪುರಸಭೆಯ ನಲ್ಲಿ ನೀರು ಅಷ್ಟು ಗಡಸಲ್ಲ. ಆದರೆ ಅದು ಕುಡಿಯುವುದಕ್ಕೆ ಮತ್ತು ಅಡುಗೆಗೆ. ಅದರಲ್ಲಿ ಎರಡು ಕೊಡ ತಲೆಸ್ನಾನಕ್ಕೆ ಬೇಕು ಎಂದಾಗ ಅತ್ತೆ ಒಪ್ಪಲಿಲ್ಲ. ಕುಡಿಯೋ ನೀರನ್ನ ಬಚ್ಚಲಿಗೆ ಹುಯ್ಯೋದು ಎಲ್ಲಿಯ ಪದ್ಧತಿ ಎಂದರು.  ಮೊದಲು ಬೋರಿನ ನೀರಿನಲ್ಲೇ ತೊಳೆದು, ಕೊನೆಯ ಎರಡು ಚೊಂಬು ಮಾತ್ರ ನಲ್ಲಿ ನೀರು ಹಾಕಿದೆ. ಸ್ವಲ್ಪ ಗುಣ ಕಂಡಿತು. ಎರಡು ವಾರ ಕಳೆದ ಮೇಲೆ ಒಂದು ಶನಿವಾರ ಬಚ್ಚಲಿನಲ್ಲಿ ಮುಚ್ಚಳ ಹಾಕಿದ ತುಂಬಿದ ಕೊಡ ಇತ್ತು. ನಲ್ಲಿ ನೀರು ಹಿಡಿದು ಇಟ್ಟವರು ಅತ್ತೆಯೇ. ಆಮೇಲೆ ಪ್ರತಿ ಶನಿವಾರ ಆ ಕೊಡ ಅಲ್ಲಿರುತ್ತಿತ್ತು. ಬೇಸಿಗೆಯಲ್ಲಿ ನೀರು ಕಡಿಮೆಯಾದಾಗ ನಾವು ತಲೆಸ್ನಾನವನ್ನೇ ಹತ್ತು ದಿನಕ್ಕೊಮ್ಮೆ ಮಾಡಿದೆವು. ಕೂದಲಿಗೆ ಅದೇ ಒಳ್ಳೆಯದಾಯಿತು.

ಹೀಗೆ ಒಂದು ವರ್ಷದಲ್ಲಿ ಒಂದು ಕ್ರಮ ನಿಂತಿತು. ಹಿಂದಿನ ಸಂಜೆ ತುದಿಗಳಿಗೆ ಮಾತ್ರ ಕೊಬ್ಬರಿ ಎಣ್ಣೆ. ಬೆಳಗ್ಗೆ ತಲೆ ನೆನೆಸಿ, ಕೂದಲನ್ನು ನಾಲ್ಕು ಪಾಲು ಮಾಡಿ, ದಾಸವಾಳದ ಲೋಳೆ ಹಚ್ಚಿ ಬೆರಳಿನಿಂದ ಬಿಡಿಸುವುದು. ಶಾಂಪೂವನ್ನು ಚೊಂಬಿನ ನೀರಿಗೆ ಬೆರೆಸಿ ಬುಡಕ್ಕೆ ಮಾತ್ರ. ಕಂಡೀಷನರ್ ಹಾಕಿಕೊಂಡೇ ಅಗಲ ಹಲ್ಲಿನ ಬಾಚಣಿಗೆ. ಒರಟು ಟವೆಲ್ ಬೇಡ, ನನ್ನ ಗಂಡನ ಹಳೆಯ ಪಂಚೆಯಲ್ಲಿ ಒತ್ತಿ ನೀರು ತೆಗೆಯುವುದು. ಆಮೇಲೆ ಪೂರ್ತಿ ಒಣಗುವವರೆಗೆ ಯಾರೂ ಕೈ ಹಾಕಬಾರದು. ಈ ಕೊನೆಯದೇ ಕಷ್ಟ, ಯಾಕೆಂದರೆ ಮನೆಗೆ ಬಂದವರೆಲ್ಲ ಮುಟ್ಟಿ ನೋಡುತ್ತಿದ್ದರು.

ಶಾಲೆಯಲ್ಲಿ ಎರಡು ಬಿಗಿ ಜಡೆ, ರಿಬ್ಬನ್ ಕಡ್ಡಾಯ. ಮುಖ್ಯೋಪಾಧ್ಯಾಯಿನಿಯವರ ಬಳಿ ಹೋಗಿ ಒಂದೇ ಸಡಿಲ ಜಡೆಗೆ ಅನುಮತಿ ಕೇಳಿದೆ. ಒಬ್ಬರಿಗೆ ಬಿಟ್ಟರೆ ಎಲ್ಲರೂ ಕೇಳುತ್ತಾರೆ ಎಂದರು. ಕೇಳಿದರೆ ಕೊಡಬಹುದಲ್ಲ ಎಂದೆ. ಒಂದು ವಾರ ಬಿಟ್ಟು ರಿಬ್ಬನ್ ಇದ್ದರೆ ಸಾಕು ಎಂದು ಹೇಳಿಕಳಿಸಿದರು.

ಈ ನಡುವೆ ನಾನೂ ನನ್ನ ನೇರ ಮಾಡಿಸಿದ ಕೂದಲನ್ನು ಎದುರು ಮನೆಯಾಕೆಯ ಕೈಯಲ್ಲೇ ಕತ್ತರಿಸಿಕೊಂಡೆ. ಊರಿಗೆ ಹೋದಾಗ ಅಮ್ಮ ನನ್ನ ಗಿಡ್ಡ ಗುಂಗುರು ತಲೆಯನ್ನು ಮುಟ್ಟಿ ನೋಡಿದಳು. ಅಪ್ಪನದೂ ಇದೇ ಕೂದಲು. ಆದರೆ ಅವರು ಜೀವಮಾನವಿಡೀ ಬೋಳಿಸಿದ ಹಾಗೆ ಕತ್ತರಿಸಿಕೊಂಡೇ ಇದ್ದರು.

"ನಿಂಗೆ ನೋವಾಗ್ತಿತ್ತು ಅಂತ ನಂಗೆ ಗೊತ್ತಿತ್ತು ಮಾರಾಯ್ತಿ," ಎಂದಳು ಅಮ್ಮ. "ಬೇರೆ ಥರ ಮಾಡ್ಬೋದು ಅಂತ ಗೊತ್ತಿರ್ಲಿಲ್ಲ."

ನನಗೂ ಗೊತ್ತಿರಲಿಲ್ಲ ಎಂದೆ.

ಹೋದ ವರ್ಷ ಅತ್ತೆ ಮೆಟ್ಟಿಲಲ್ಲಿ ಜಾರಿ ಬಲ ಮಣಿಕಟ್ಟು ಮುರಿದುಕೊಂಡರು. ಆರು ವಾರ ಪ್ಲಾಸ್ಟರ್. ತಲೆಯನ್ನು ಯಾರಿಗೂ ಮುಟ್ಟಗೊಡದವರು ಹತ್ತು ದಿನ ತಡೆದುಕೊಂಡರು. ಆಮೇಲೆ ನನ್ನನ್ನು ಕರೆಯಲಿಲ್ಲ, ಹನ್ನೊಂದು ತುಂಬಿದ ಮೊಮ್ಮಗಳನ್ನು ಕರೆದರು. ಅವಳು ಅಜ್ಜಿಯನ್ನು ಬಚ್ಚಲಿನ ಮಣೆಯ ಮೇಲೆ ಕೂರಿಸಿ, ಪ್ಲಾಸ್ಟರಿನ ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿದಳು. ನಾನು ದಾಸವಾಳದ ಲೋಳೆಯ ಬಟ್ಟಲು ತೆಗೆದುಕೊಂಡು ಹೋದೆ.

"ಅದು ಅಜ್ಜಿಗೆ ಬ್ಯಾಡಮ್ಮ. ಇವ್ರದು ತೆಳು ಕೂದ್ಲು, ಇದು ಹಚ್ಚಿದ್ರ ಜೋತು ಬೀಳ್ತೈತಿ. ಬರೀ ಶಾಂಪೂ ಸಾಕು," ಎಂದಳು ಮಗಳು.

ಅತ್ತೆ ಕಣ್ಣು ಮುಚ್ಚಿ ತಲೆ ಬಗ್ಗಿಸಿ ಕುಳಿತಿದ್ದರು. ನೀರಿನ ಬಿಸಿ ಸಾಕೇ ಎಂದು ಅವಳು ಕೇಳಿದಾಗ, ಇನ್ನೊಂದು ಚೂರು ಬಿಸಿ ಇರಲಿ ಎಂದರು. ನಾನು ಬಟ್ಟಲನ್ನು ಹಿಡಿದುಕೊಂಡು ಬಿಸಿನೀರು ತರಲು ಒಳಗೆ ಹೋದೆ.