ನಾನು ಕೇಳದ ಪ್ರಶ್ನೆ

ದೆವ್ವ, ಶಕುನ, ಮೈಮೇಲೆ ಬರುವುದು ಇವನ್ನೆಲ್ಲ ನಾನು ಎಂದೂ ನಂಬಿದವಳಲ್ಲ. ಕಾಮಸಮುದ್ರದ ಕಡೆಯ ನಮ್ಮ ಹಳ್ಳಿಯಲ್ಲಿ ಹಸು ಹಾಲು ಕಮ್ಮಿ ಮಾಡಿದರೆ ಅಮ್ಮ ದೃಷ್ಟಿ ತೆಗೆಯಲು ಹೊರಡುತ್ತಿದ್ದಳು. ಅವಳ ಜೊತೆ ಜಗಳವಾಡಿ ಪಶುವೈದ್ಯರನ್ನು ಕರೆಸುತ್ತಿದ್ದವಳು ನಾನು. ಈಗಲೂ ನಂಬುತ್ತೇನೆ ಎಂದು ಹೇಳಲಾರೆ. ಆದರೂ ಕೆಲವು ವರ್ಷಗಳ ಹಿಂದೆ ನನಗೇ ಆದದ್ದನ್ನು ಆದ ಹಾಗೆ ಹೇಳಿಬಿಡುತ್ತೇನೆ. ನಿಮಗೇನಾದರೂ ಹೊಳೆದರೆ ಒಳ್ಳೆಯದೇ.

ಆಗ ನಾನು ಬೆಂಗಳೂರಿನ ಒಂದು ವಿಶ್ವವಿದ್ಯಾಲಯದಲ್ಲಿ ಪಿಎಚ್‌.ಡಿ. ಮಾಡುತ್ತಿದ್ದೆ. ಊರಿನಿಂದ ಬಂಗಾರಪೇಟೆಗೆ ಬಸ್ಸು, ಅಲ್ಲಿಂದ ರೈಲು. ಕೆಜಿಎಫ್‌ನ ಗಣಿ ಕಾರ್ಮಿಕರ ಹೆಂಡತಿಯರ ಬದುಕು ನನ್ನ ವಿಷಯ. ಭೂಮಿಯೊಳಗೆ ಇಳಿದ ಗಂಡಸರ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ, ಮೇಲೆ ಉಳಿದು ಕಾದವರ ಬಗ್ಗೆ ನಾನು ಬರೆಯುತ್ತೇನೆ ಎಂಬ ಹಟ ನನ್ನದು. ಡಿಗ್ರಿಯಲ್ಲಿ ನನ್ನ ಜೊತೆ ಓದಿದ ಭಾಗ್ಯ ಕೆಜಿಎಫ್‌ನ ಊರಿಗಾಂನಲ್ಲಿ, ಗಣಿ ಕಾರ್ಮಿಕರ ಸಾಲುಮನೆಗಳಾದ ಲೈನು ಮನೆಗಳಲ್ಲೇ ಬೆಳೆದವಳು. ಅವಳ ಪಕ್ಕದ ಮನೆಯ ಅಂಜಲಮ್ಮ ಎಂಬ ಮುದುಕಿಯನ್ನು ನಾವಿಬ್ಬರೂ ಕೂತು ಒಂದು ಮಧ್ಯಾಹ್ನ ಪೂರ್ತಿ ಮಾತಾಡಿಸಿದೆವು. ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡೆವು. ಅಂಜಲಮ್ಮನ ಒಂದೇ ವಾಕ್ಯದಲ್ಲಿ ಕನ್ನಡ, ತಮಿಳು, ತೆಲುಗು ಮೂರೂ ಬರುತ್ತಿದ್ದವು. ಏನೂ ತಪ್ಪಿಹೋಗಬಾರದೆಂದು ಆ ರೆಕಾರ್ಡಿಂಗನ್ನು ಭಾಗ್ಯ ಒಮ್ಮೆ, ನಾನು ಒಮ್ಮೆ, ಬೇರೆ ಬೇರೆಯಾಗಿ ಅಕ್ಷರಕ್ಕಿಳಿಸಿದೆವು. ಈ ಮಾತನ್ನು ದಯವಿಟ್ಟು ನೆನಪಿಡಿ.

ಕರಡು ಓದಿದ ನನ್ನ ಮಾರ್ಗದರ್ಶಕರು, "ಮಾಹಿತಿ ಬೇಕಾದಷ್ಟಿದೆ. ಪ್ರಬಂಧ ಎಲ್ಲಿದೆ?" ಎಂದರು. ಬೇಸರದಿಂದ ಹೇಳಿದ್ದಲ್ಲ, ನಿಜವನ್ನೇ ಹೇಳಿದ್ದು. ಗಡುವನ್ನು ಆಗಲೇ ಮುಂದೂಡಿಸಿಕೊಂಡಿದ್ದೆ, ಇನ್ನೊಮ್ಮೆ ಮುಂದೂಡುವಂತಿರಲಿಲ್ಲ. ಬಿಟ್ಟುಬಿಡುವುದೆಂದು ನಿರ್ಧರಿಸಿ ಮನೆಗೆ ಬಂದೆ. ಅಮ್ಮ ಹಾಲು ಕರೆಯುತ್ತಲೇ ಎಲ್ಲ ಕೇಳಿಸಿಕೊಂಡು, "ಬುಟ್ಟು ಬಂದ್ರೂ ನೀನು ನನ್ ಮಗಳೇ. ಆದ್ರೆ ಕೇಳೋರನ್ನ ಕೇಳ್ದೆ ಬುಡಬ್ಯಾಡ" ಎಂದಳು.

ಕೇಳುವುದು ಯಾರನ್ನು? ನಮ್ಮ ವಿಶ್ವವಿದ್ಯಾಲಯದ ಗ್ರಂಥಾಲಯದ ಮಹಡಿಯಲ್ಲಿ, ಹಳೆಯ ಪತ್ರಿಕೆಗಳ ಕೋಣೆಯ ಪಕ್ಕ, 'ಬರವಣಿಗೆ ಮತ್ತು ಸಂಶೋಧನೆಗೆ ನೆರವು' ಎಂಬ ಫಲಕವಿತ್ತು. ಎಷ್ಟೋ ಸಲ ಅದರ ಮುಂದೆ ಓಡಾಡಿದ್ದೆ. ಬರೆಯಲು ಬಾರದವರು ಹೋಗುವ ಜಾಗ ಅದು ಎಂದು ನನ್ನ ಎಣಿಕೆ. ಈಗ ಬರೆಯಲು ಬಾರದವಳು ನಾನೇ ಆಗಿದ್ದೆನಲ್ಲ, ಬಾಗಿಲು ತಳ್ಳಿದೆ.

ಒಳಗಿದ್ದವರು ವಸುಧಾ ಮೇಡಂ. ಐವತ್ತರ ಆಸುಪಾಸಿನ ಹೆಂಗಸು. ಕರಡಿನ ಕಟ್ಟನ್ನು ಮುಟ್ಟಲೂ ಇಲ್ಲ. "ಅದನ್ನ ಆಮೇಲೆ ನೋಡೋಣ. ಮೊದಲು ನಂಗೆ ಕಥೆ ಹೇಳಿ" ಎಂದರು. ಹೇಳುತ್ತಾ ಹೋದೆ. ನೀರಿನ ನಲ್ಲಿ, ಪಾಳಿಯ ಸೈರನ್ನು, ಮದುವೆಗಳು. ನೆಲದಾಳದಲ್ಲಿ ಬಂಡೆ ಸಿಡಿದಾಗ ಮೇಲಿನ ಮನೆಗಳು ನಡುಗಿ ಗೋಡೆಯ ಹಲಗೆ ಮೇಲಿನ ಪಾತ್ರೆಗಳು ಉರುಳುತ್ತಿದ್ದುದನ್ನು ಹೇಳುವಾಗ ಅವರು ಕೈಯೆತ್ತಿ ನಿಲ್ಲಿಸಿದರು.

"ಆ ಹೊತ್ತಲ್ಲಿ ಅವರ ಕೈ ಮೊದಲು ಏನು ಮಾಡ್ತಿತ್ತು?"

"ಅಂದ್ರೆ, ಮೇಡಂ?"

"ಮನಸ್ಸಿಗೆ ಏನಾಯ್ತು ಅಂತ ಎಲ್ಲರೂ ಕೇಳ್ತಾರೆ. ನೆಲ ನಡುಗಿದಾಗ ನಿಮ್ಮ ಕೈ ಮೊದಲು ಏನು ಮಾಡ್ತಿತ್ತು ಅಂತ ಕೇಳಿದ್ದೀರಾ?"

ಕೇಳಿರಲಿಲ್ಲ. ಮಾರನೆಯ ದಿನವೇ ಊರಿಗಾಂಗೆ ಹೋಗಿ ಕೇಳುತ್ತೇನೆಂದು ಹೇಳಿ ಹೊರಟೆ.

ಸಂಜೆಯ ರೈಲಿನಲ್ಲಿ ಕಿಟಕಿಯ ಸೀಟು ಸಿಕ್ಕಿತ್ತು. ಹೋಗುವ ಮೊದಲು ಒಮ್ಮೆ ಕೇಳಿಸಿಕೊಳ್ಳೋಣವೆಂದು ಇಯರ್‌ಫೋನ್ ಹಾಕಿ ಅಂಜಲಮ್ಮನ ಹಳೆಯ ರೆಕಾರ್ಡಿಂಗ್ ಹಚ್ಚಿದೆ. ನೀರಿನ ನಲ್ಲಿಯ ಜಗಳ ಮುಗಿಯಿತು. ಅದಾದ ಮೇಲೆ ಅವಳ ಮಗಳ ಮದುವೆಯ ಮಾತು ಬರಬೇಕು. ಬರಲಿಲ್ಲ. ಒಂದು ಸಣ್ಣ ಮೌನ, ಆಮೇಲೆ ನನ್ನದೇ ದನಿ: "ಅಜ್ಜೀ, ನೆಲ ನಡುಗಿದಾಗ ನಿಮ್ಮ ಕೈ ಮೊದಲು ಏನು ಮಾಡ್ತಿತ್ತು?"

ಅದರ ಹಿಂದೆಯೇ ಅಂಜಲಮ್ಮನ ಉತ್ತರ. "ಅಕ್ಕಿ ಆಕ್ತಿತ್ತು ಕಣಮ್ಮಾ. ವಲೆ ಮೇಲಿರೋ ಅನ್ನದ ಜೊತೆ ಇನ್ನೊಂದ್ ಪಡಿ ಅಕ್ಕಿ. ಒಳಗೆ ಸಿಕ್ಕೊಂಡೋನು ನಮ್ ಮನೆಯೋನಾದ್ರೂ ಸರಿ, ಪಕ್ಕದ್ ಮನೆಯೋನಾದ್ರೂ ಸರಿ, ಮಕ್ಕಳು ಯಾರದೋ ಮನೇಲಿ ಉಣ್ಲೇಬೇಕಲ್ಲಮ್ಮಾ. ಅಳಾಕೆ ಆಮೇಲೂ ಟೈಮಿರ್ತದೆ. ಮಕ್ಕಳ ಒಟ್ಟೆ ಕಾಯ್ತದಾ?" ಸ್ವಲ್ಪ ಬಿಟ್ಟು ಹೇಳಿದಳು: "ಒಂದಿನ ಆ ಅನ್ನ ನಮ್ ಮನೇಗೇ ಬೇಕಾಯ್ತು."

ಹಿಂದಕ್ಕೆ ಸರಿಸಿ ಮತ್ತೆ ಕೇಳಿದೆ. ಮತ್ತೆ ಅದೇ. ಬ್ಯಾಗಿನಿಂದ ನಾನು ಬರೆದಿಳಿಸಿದ ಹಾಳೆಗಳನ್ನು ತೆಗೆದು ನೋಡಿದೆ. ನಲ್ಲಿಯ ಜಗಳ, ಅದರ ಕೆಳಗೇ ಮಗಳ ಮದುವೆ. ನಡುವೆ ಏನೂ ಇಲ್ಲ.

ಬಂಗಾರಪೇಟೆಯಲ್ಲಿ ಇಳಿದವಳೇ ಭಾಗ್ಯಳಿಗೆ ಫೋನ್ ಮಾಡಿ ಅವಳು ಬರೆದದ್ದನ್ನು ನೋಡಲು ಹೇಳಿದೆ. ಅವಳದರಲ್ಲೂ ಇಲ್ಲ. ಬೆಳಿಗ್ಗೆ ಅವಳ ಮನೆಯಲ್ಲಿ ರೆಕಾರ್ಡಿಂಗ್ ಹಾಕಿದಾಗ, ನನ್ನ ದನಿ ಕೇಳುತ್ತಿದ್ದಂತೆ ನನ್ನ ಕೈ ಹಿಡಿದುಕೊಂಡಳು. "ನಿಲ್ಸೇ, ನಂಗೆ ಭಯ ಆಗ್ತದೆ. ನಾನು ನಿನ್ ಪಕ್ಕದಲ್ಲೇ ಇದ್ದೆ ಕಣೇ. ನೀನು ಇದನ್ನ ಕೇಳ್ಲೇ ಇಲ್ಲ!"

ಇಬ್ಬರೂ ಅಂಜಲಮ್ಮನ ಬಳಿಗೆ ಹೋದೆವು. ಪ್ರಶ್ನೆ ಬಾಯಿಂದ ಪೂರ್ತಿ ಹೊರಬರುವ ಮೊದಲೇ ಆಕೆ ನಕ್ಕಳು. "ಆವತ್ತೇ ಯೋಳಿದ್ನಲ್ಲಮ್ಮಾ? ನೀನೇ ಕೇಳ್ದೆ. ಇಷ್ಟು ವರ್ಸದಲ್ಲಿ ಇನ್ಯಾರೂ ಕೇಳ್ಲಿಲ್ಲ."

ವಸುಧಾ ಮೇಡಂಗೆ ಎಲ್ಲವನ್ನೂ ಹೇಳಿದೆ. ಅವರು ರೆಕಾರ್ಡಿಂಗನ್ನು ಎರಡು ಸಲ ಕೇಳಿಸಿಕೊಂಡರು. ಆ ಪ್ರಶ್ನೆ ತಮಗೆ ಹೊಳೆದದ್ದೇ ನಾನು ಎದುರಿಗೆ ಕೂತಾಗ, ಅದಕ್ಕೆ ಮುಂಚೆ ಯಾರನ್ನೂ ಕೇಳಿದ್ದಿಲ್ಲ ಎಂದರು. ಆಮೇಲೆ ಕನ್ನಡಕ ಸರಿಮಾಡಿಕೊಂಡು, "ಎಲ್ಲಿಂದ ಬಂತು ಅಂತ ಗೊತ್ತಿಲ್ಲದ್ದರ ಮೇಲೆ ಸಂಶೋಧನೆ ಕಟ್ಟಬೇಡಿ. ಮತ್ತೆ ಕೇಳಿ, ಮತ್ತೆ ರೆಕಾರ್ಡ್ ಮಾಡಿ. ಬೇರೆ ಹೆಂಗಸರನ್ನೂ ಕೇಳಿ" ಎಂದರು.

ಹಾಗೇ ಮಾಡಿದೆ. ಲೈನಿನಿಂದ ಲೈನಿಗೆ ಅಲೆದೆ. ಒಬ್ಬಳು ಅಕ್ಕಿ ಎಂದಳು, ಒಬ್ಬಳು ರಾಗಿ ಹಿಟ್ಟು, ಇನ್ನೊಬ್ಬಳು ಪಕ್ಕದ ಮನೆಯ ಕೂಸನ್ನು ಎತ್ತಿಕೊಳ್ಳುತ್ತಿದ್ದೆ ಎಂದಳು. ಕಾಯುತ್ತಾ ಕೂತವರು ಎಂದು ನಾನು ಬರೆದಿದ್ದ ಹೆಂಗಸರಲ್ಲಿ ಒಬ್ಬಳೂ ಸುಮ್ಮನೆ ಕೂತಿರಲಿಲ್ಲ! ಪ್ರಬಂಧ ಅಲ್ಲಿಂದ ತಾನೇ ಎದ್ದು ನಡೆಯಿತು. ವಾರವಾರವೂ ಆ ಮಹಡಿಯ ಕೋಣೆಗೆ ಹೋಗುತ್ತಿದ್ದೆ. ಮೇಡಂ ಒಂದೊಂದು ಪ್ಯಾರಾವನ್ನೂ ಜೋರಾಗಿ ಓದಿಸುತ್ತಿದ್ದರು. ಮಾರ್ಗದರ್ಶಕರು ಕೊನೆಯ ಕರಡು ಓದಿ, "ಈಗ ಇದು ಪ್ರಬಂಧ" ಎಂದ ದಿನ ನಾನು ಬಂಗಾರಪೇಟೆ ಸ್ಟೇಷನ್ನಿನಲ್ಲಿ ಸಿಕ್ಕ ಪರಿಚಿತರಿಗೆಲ್ಲ ಕಾಫಿ ಕುಡಿಸಿದೆ.

ಮೌಖಿಕ ಪರೀಕ್ಷೆಗೆ ಭಾಗ್ಯ ಅಂಜಲಮ್ಮನನ್ನು ಕರೆತಂದಿದ್ದಳು. ಅಮ್ಮ ಅವಳ ಪಕ್ಕ ಕೂತಿದ್ದಳು. ಹೊರಗಿನಿಂದ ಬಂದ ಪರೀಕ್ಷಕರು ಕನ್ನಡಕದ ಮೇಲಿನಿಂದ ನೋಡುತ್ತಾ, "ಈ ಪ್ರಶ್ನೆ ಬಹಳ ಚೆನ್ನಾಗಿದೆ. ನಿಮಗೆ ಹೇಗೆ ಹೊಳೆಯಿತು?" ಎಂದರು.

"ನನಗಲ್ಲ ಸರ್, ಬರವಣಿಗೆ ಕೇಂದ್ರದ ಮೇಡಂಗೆ ಹೊಳೆದದ್ದು" ಎಂದೆ.

ಅಂಜಲಮ್ಮ ಎದ್ದು ನಿಂತಳು. "ಸುಳ್ಳು ಸಾರ್! ಅದಕ್ಕೂ ಮುಂಚೇನೇ ಈ ಮಗು ನನ್ನ ಕೇಳಿದ್ಳು. ನಾನು ಬದುಕಿದ್ದೀನಿ, ನನ್ನೇ ಕೇಳಿ!"

ಸಭಾಂಗಣವೆಲ್ಲ ನಗೆಯಲ್ಲಿ ಮುಳುಗಿತು. ಪರೀಕ್ಷಕರೂ ನಕ್ಕು, ಅದು ನನ್ನ ವಿನಯವೆಂದುಕೊಂಡು, ಪದವಿಗೆ ಶಿಫಾರಸು ಮಾಡುತ್ತಿರುವುದಾಗಿ ಹೇಳಿದರು. ಚಪ್ಪಾಳೆಯ ನಡುವೆ ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ನಾನು, ಭಾಗ್ಯ, ವಸುಧಾ ಮೇಡಂ ಮೂವರು ಮಾತ್ರ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ದಣಿವಿನಲ್ಲಿ ನಾನು ಮರೆತಿದ್ದೆ ಎನ್ನಬಹುದು. ಆದರೆ ಭಾಗ್ಯಳೂ ಮರೆತಳೇ? ಅದೇ ಭಾಗವನ್ನು ಇಬ್ಬರೂ ಬೇರೆ ಬೇರೆಯಾಗಿ ಬರೆಯದೆ ಬಿಟ್ಟೆವೇ? ಅದೇ ಮಾತುಗಳು ಮೇಡಂ ಬಾಯಿಗೆ ಬಂದದ್ದಾದರೂ ಹೇಗೆ? ಈಗಲೂ ಆಗಾಗ ಅದನ್ನು ಹಾಕಿ ಕೇಳುತ್ತೇನೆ. ದನಿ ನನ್ನದೇ, ಅನುಮಾನವಿಲ್ಲ. ಕೇಳಿದವಳು ನಾನೇ ಎಂದು ಮಾತ್ರ ಎದೆ ಮುಟ್ಟಿ ಹೇಳಲಾರೆ.