ಕೊಳವೆಯೊಳಗಿನ ಬಡಿತ

ಇಬ್ರಾಹಿಂಪುರದ ನನ್ನ ಮನೆಯ ನಲ್ಲಿ ನೀರು ಬರುವ ಮುಂಚೆ ಕೆಮ್ಮುತ್ತದೆ. ನಿಮ್ಮದೂ ಕೆಮ್ಮೀತು, ಒಳಗೆ ಸಿಕ್ಕ ಗಾಳಿಯ ಸದ್ದದು, ಬೆಚ್ಚುವಂಥದ್ದೇನಲ್ಲ. ಸುದ್ದಿಮನೆಯಲ್ಲಿ ವಯಸ್ಸು ಕಳೆದ ನಾನು ಕಾರಣ ತಿಳಿದ ಸದ್ದಿಗೆ ಕಿವಿಗೊಡುವವನಲ್ಲ. ಆದರೂ ಅದನ್ನು ಕೇಳಿದಾಗಲೆಲ್ಲ ಬಬಲೇಶ್ವರದ ಗುರುಪಾದಪ್ಪನವರು ನೆನಪಾಗುತ್ತಾರೆ.

ಸುತ್ತಲಿನ ಹಳ್ಳಿಗಳ ಹೆಂಗಸರ ಅರ್ಧ ಆಯುಷ್ಯ ಬಾವಿಯ ದಾರಿಯಲ್ಲೇ ಸವೆಯುತ್ತಿದ್ದ ಕಾಲದಲ್ಲಿ, ತಮ್ಮ ಹೊಲದ ಬಾವಿಯಿಂದ ಕಬ್ಬಿಣದ ಕೊಳವೆ ಎಳೆದು ಮನೆಮನೆಗೆ ನೀರು ಕೊಡುವ ವ್ಯವಹಾರಕ್ಕೆ ಕೈಹಾಕಿದವರು ಅವರು. ಮೊದಲು ಜನ ನಕ್ಕರು, ಆಮೇಲೆ ನಲ್ಲಿ ಬೇಡಿ ಬಂದರು. ನೀರು ಬಿಡುವ ಮುನ್ನ ಅವರು ಕೊಳವೆಯನ್ನು ನಟ್ಟು ಬಿಗಿಯುವ ಪಾನಾದಿಂದ ಬಡಿಯುತ್ತಿದ್ದರು: ಒಂದು ಪೆಟ್ಟು, ತುಸು ತಡೆದು ಇನ್ನೊಂದು. ಆ ಸದ್ದು ಕಬ್ಬಿಣದೊಳಗೆ ಓಡಿ ಪ್ರತಿ ಅಡುಗೆಮನೆಯಲ್ಲೂ ಕೇಳುತ್ತಿತ್ತು. ಕೇಳಿದ ಮೇಲೆಯೇ ಕೊಡ ಹಿಡಿಯುವುದು ರೂಢಿಯಾಯಿತು. ನೀರು ತಂದವನ ಮುಖ ಮರೆತರೂ ಅವನ ಕೈ ಮನೆಯೊಳಗೇ ಉಳಿಯುವುದು ಎಂಥ ವಿಚಿತ್ರ, ನೋಡಿ.

ಅವರು ತೀರಿಕೊಂಡ ಮೇಲೆ ಕೆಲಸ ಮಗಳು ಮಹಾದೇವಿಯ ಪಾಲಿಗೆ ಬಂತು. ಮೋಟಾರು ತಾನೇ ಚಾಲೂ ಆಗುವ ವ್ಯವಸ್ಥೆ ಮಾಡಿಸಿದಳು. ತುಕ್ಕು ಹಿಡಿದ ಕಬ್ಬಿಣ ಕೆಂಪು ನೀರು ಕೊಡತೊಡಗಿದಾಗ, ಮೊದಲು ಕಳ್ಳಕವಟಗಿ ಎಂಬ ಹಳ್ಳಿಯ ಒಂದು ಓಣಿಗೆ ಪ್ಲಾಸ್ಟಿಕ್ ಕೊಳವೆ ಹಾಕಿಸಿದಳು. ಆ ಓಣಿ ಒಪ್ಪದಿದ್ದರೆ ಉಳಿದ ಊರುಗಳೂ ಒಪ್ಪುತ್ತಿರಲಿಲ್ಲ; ಅಪ್ಪ ಕಟ್ಟಿದ್ದು ಅವಳ ಕೈಯಲ್ಲೇ ಮುಗಿಯುತ್ತಿತ್ತು. ಹೊಸ ಕೊಳವೆಗೆ ಮೊದಲ ಸಲ ನೀರು ಬಿಟ್ಟ ದಿನ, ಸುದ್ದಿ ಬರೆಯಲೆಂದು ಅವಳೊಂದಿಗೆ ನಾನೂ ಹೋಗಿದ್ದೆ.

ಹಳೆಯ ಕಬ್ಬಿಣದ ಕೊಳವೆಯನ್ನು ಎರಡೂ ಕಡೆ ಕತ್ತರಿಸಿ ಓಣಿಯ ಬದಿಗೆ ಹಾಕಲಾಗಿತ್ತು. ಹೊಸ ನಲ್ಲಿಗಳಲ್ಲಿ ತಿಳಿನೀರು ಸುರಿಯಿತು. ಹೆಂಗಸರು ಖಾಲಿ ಕೊಡ ಹಿಡಿದು ಸುಮ್ಮನೆ ನಿಂತಿದ್ದರು. ನೀರು ಗಟಾರಕ್ಕೆ ಹರಿಯುತ್ತಿತ್ತು.

"ಹಿಡೀರಬೇ! ಏನ್ ನೋಡಾಕತ್ತೀರಿ?" ಎಂದಳು ಮಹಾದೇವಿ.

"ಸಾವ್ಕಾರ್ರು ಇನ್ನಾ ಬಡಿದಿಲ್ಲಲ್ಲವಾ," ಎಂದಳು ಮುದುಕಿ ನೀಲವ್ವ.

"ಅಪ್ಪ ಹೋಗಿ ವರ್ಷಾತು, ಎವ್ವಾ. ಅವತ್ತಿಂದ ಯಾರೂ ಬಡಿದೇ ಇಲ್ಲ."

"ಯಾರಿಗೆ ಹೇಳ್ತೀಯ? ನಿನ್ನಿ ಮುಂಜಾನಿನೂ ಬಡಿದಾರ. ನನ್ನ ಕಿವಿ ಏನ್ ನಿನ್ನ ಮೋಟಾರೇನ, ಕೆಟ್ಟು ಕೂಡಾಕ?"

ಯಾರೂ ನಗಲಿಲ್ಲ. ಉಳಿದವರೂ ಹೌದೆಂದು ತಲೆಯಾಡಿಸಿದರು. ಅದು ಬರೀ ಗಾಳಿ ಎನ್ನಲು ನಾನು ಬಾಯಿ ತೆರೆಯುವಷ್ಟರಲ್ಲಿ ಸದ್ದು ಬಂತು: ಒಂದು ಪೆಟ್ಟು, ತುಸು ತಡೆದು ಇನ್ನೊಂದು. ಎರಡೂ ಬಾಯಿ ತೆರೆದುಕೊಂಡು ದೂಳಿನಲ್ಲಿ ಬಿದ್ದಿದ್ದ ಕಬ್ಬಿಣದೊಳಗಿಂದ. ಓಣಿಯ ಕೊಡಗಳೆಲ್ಲ ಒಮ್ಮೆಲೇ ಹೊಸ ನಲ್ಲಿಗಳ ಕೆಳಗೆ ಬಂದವು.

ಕಬ್ಬಿಣ ಎತ್ತಲು ಬಂದ ಆಳುಗಳಿಗೆ ಮಹಾದೇವಿ ಕೈಯೆತ್ತಿ ಬೇಡವೆಂದಳು. ನಡುಹಗಲಿನ ಬಿಸಿಲಲ್ಲಿ ಕುಕ್ಕರಗಾಲಿನಲ್ಲಿ ಕೂತು, ಮಲಗಿದವರ ಎದೆ ಮುಟ್ಟುವಂತೆ ಆ ಕೊಳವೆಯ ಮೇಲೆ ಅಂಗೈ ಇಟ್ಟಳು.

"ಕೈ ಸುಟ್ಟೀತು," ಎಂದೆ.

"ಇಲ್ರೀ ಸರ," ಎಂದಳು ತಲೆ ಎತ್ತದೆ. "ಒಳಗ ನೀರು ಹರಿಯಾಕತ್ತಂಗ ತಣ್ಣಗೈತಿ."

ನಾನು ಮುಟ್ಟಿ ನೋಡಲಿಲ್ಲ.